ಕೇನ್ ಹಿಲ್ ಲಾಕ್‌ಗಳು: ನೋಡಲು ಐದಕ್ಕೆ ಐದು ಅಂಕ, ವಾರಾಂತ್ಯದ ಬಾಡಿಗೆ ದೋಣಿಗೆ ಎರಡು

ಇಂಗ್ಲೆಂಡಿನ ಕೆನೆಟ್ ಆಂಡ್ ಏವನ್ ಕಾಲುವೆಯಲ್ಲಿ ನ್ಯಾರೋಬೋಟ್ (ಕಾಲುವೆಯ ಕಿರಿದಾದ ಉದ್ದ ದೋಣಿ) ಬಾಡಿಗೆಗೆ ಹಿಡಿಯುವವರ ಕಣ್ಣೆಲ್ಲ ಡಿವೈಜಸ್ ಊರಿನ ಕೇನ್ ಹಿಲ್ ಮೇಲೆ. ಎರಡು ಮೈಲಿಯಲ್ಲಿ 29 ಲಾಕ್ (ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಏರಿಸುವ, ಇಳಿಸುವ, ಎರಡೂ ತುದಿಗೆ ಗೇಟಿರುವ ತೊಟ್ಟಿ), 72 ಮೀಟರ್ ಏರು. ನಡುವಿನ 16 ಲಾಕ್‌ಗಳು ಗುಡ್ಡದ ಮೇಲೆ ನೇರ ಸಾಲಿನಲ್ಲಿವೆ, ಪಕ್ಕದಲ್ಲಿ ನೀರು ಕೂಡಿಡುವ ಹೊಂಡಗಳು. 1810ರಲ್ಲಿ ಮುಗಿದ, ಎಂಜಿನಿಯರ್ ಜಾನ್ ರೆನಿಯ ಈ ಕೆಲಸ ಇವತ್ತಿಗೂ ಕೈಬಲದಲ್ಲೇ ನಡೆಯುತ್ತದೆ.

ತೊಂದರೆ ಅಲ್ಲೇ. ಹತ್ತಲು ಐದಾರು ಗಂಟೆ, ಇಳಿಯಲು ಮತ್ತಷ್ಟೇ. ಮೂರು ರಾತ್ರಿಯ ಬಾಡಿಗೆಯಲ್ಲಿ ಎರಡು ಹಗಲು ಇದಕ್ಕೇ ಹೋಗುತ್ತದೆ. ವಾರಪೂರ್ತಿ ಬಾಡಿಗೆ, ಕೈಗೂಡಿಸುವ ನಾಲ್ವರು ದೊಡ್ಡವರು ಇದ್ದರೆ ಹೋಗಿ. ಇಬ್ಬರೇ ಇದ್ದರೆ ಲಾಕ್ ದಾಟಲು ನೆರವಾಗುವ ಸ್ವಯಂಸೇವಕರು ಇರುವ ದಿನ ನೋಡಿಕೊಳ್ಳಿ. ಬೆಳಿಗ್ಗೆ ಬೇಗ ಬುಡದಲ್ಲಿರಬೇಕು, ತಡವಾದರೆ ಒಳಗೆ ಬಿಡುವುದಿಲ್ಲ. ಲಾಕ್ 14 ಅಡಿ ಅಗಲ, ನಿಮ್ಮ ದೋಣಿ ಏಳಡಿಯೊಳಗೆ. ಹಾಗಾಗಿ ಇನ್ನೊಂದು ದೋಣಿಗೆ ಕಾದು ಜೋಡಿಯಾಗಿ ಹತ್ತಿ, ನೀರೂ ಅರ್ಧ, ದುಡಿಮೆಯೂ ಅರ್ಧ.

ಹತ್ತುವಾಗ ದೋಣಿ ಒಳಗೆ ಬಂದ ಮೇಲೆ ಕೆಳಗೇಟು ಮುಚ್ಚಿ, ಅದರ ತೂಬುಗಳು (ನೀರು ಬಿಡುವ ಪುಟ್ಟ ಬಾಗಿಲುಗಳು) ಇಳಿದಿವೆಯೇ ನೋಡಿ. ಆಮೇಲೆ ಮೇಲಿನ ತೂಬುಗಳನ್ನು ವಿಂಡ್‌ಲಾಸ್ (ತೂಬು ಎತ್ತುವ ಕೈಹಿಡಿ) ಹಾಕಿ ತಿರುಗಿಸಿ ಸ್ವಲ್ಪ ಸ್ವಲ್ಪವೇ ಎತ್ತಿ. ಒಮ್ಮೆಗೇ ಎತ್ತಿದರೆ ನೀರಿನ ರಭಸಕ್ಕೆ ದೋಣಿ ಗೋಡೆಗೂ ಗೇಟಿಗೂ ಬಡಿಯುತ್ತದೆ. ಒಳಗೂ ಹೊರಗೂ ನೀರು ಸಮವಾಗುವವರೆಗೆ ಗೇಟು ಮಿಸುಕುವುದಿಲ್ಲ, ಹಲ್ಲುಕಚ್ಚಿ ನೂಕಿದರೂ. ತಡೆಗೊಕ್ಕೆ (ಎತ್ತಿದ ತೂಬು ಜಾರದಂತೆ ಹಿಡಿಯುವ ಕೊಕ್ಕೆ) ಕೂತಿದೆಯೇ ನೋಡದೆ ವಿಂಡ್‌ಲಾಸ್ ಬಿಟ್ಟರೆ ಅದು ಗಿರ್ರನೆ ತಿರುಗಿ ಮುಖಕ್ಕೇ ಬೀಳುತ್ತದೆ. ಕೆಲಸ ಮುಗಿದ ಕೂಡಲೇ ಕಳಚಿ ಕೈಯಲ್ಲಿಟ್ಟುಕೊಳ್ಳಿ. ನೀರಿಗೆ ಬಿದ್ದರೆ ಸಿಗುವುದು ಕಷ್ಟ, ದೋಣಿ ಪಡೆಯುವಾಗಲೇ ಇನ್ನೊಂದು ಕೇಳಿ ತೆಗೆದುಕೊಳ್ಳಿ.

ನಿಜವಾದ ಅಪಾಯ ಇಳಿಯುವಾಗ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎನ್ನುವ ಕಟ್ಟೆ ಇದೆ, ತುಂಬಿದ ಲಾಕ್‌ನಲ್ಲಿ ಅದು ಕಾಣದು. ಗೋಡೆಯ ಬಿಳಿ ಗುರುತಿಗಿಂತ ದೋಣಿಯ ಹಿಂಭಾಗ ಮುಂದಿರಬೇಕು. ಇಲ್ಲದಿದ್ದರೆ ನೀರು ಇಳಿದಂತೆ ಹಿಂಭಾಗ ಕಟ್ಟೆಯ ಮೇಲೆ ಕೂತು ಮೂತಿ ಮುಳುಗುತ್ತದೆ. ಹಾಗೆ ಕಂಡ ಕ್ಷಣವೇ ಕೆಳತೂಬು ಮುಚ್ಚಿ, ನಂತರ ಮೇಲಿನದನ್ನು ನಿಧಾನವಾಗಿ ತೆರೆದು ಮತ್ತೆ ತುಂಬಿಸಿ. ಹಗ್ಗವನ್ನು ಗೂಟಕ್ಕೆ ಸುತ್ತಿ ಕೈಯಲ್ಲೇ ಹಿಡಿದಿರಿ. ಗಂಟು ಹಾಕಿದರೆ ದೋಣಿ ಹಗ್ಗದಲ್ಲೇ ನೇತುಬೀಳುತ್ತದೆ.

ಪ್ರೊಪೆಲ್ಲರ್‌ಗೆ ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಇಲ್ಲಿ ಮಾಮೂಲು. ಎಂಜಿನ್ ಆರಿಸಿ, ಕೀ ತೆಗೆದು, ಹಿಂಭಾಗದಲ್ಲಿ ಪ್ರೊಪೆಲ್ಲರ್ ಮೇಲಿರುವ ಮುಚ್ಚಳ ಬಿಚ್ಚಿ ಕೈಯಿಂದ ಬಿಡಿಸಬೇಕು. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಕೂರಿಸದೆ ಎಂಜಿನ್ ಹಾಕಿದರೆ ಒಳಗೆ ನೀರು ನುಗ್ಗುತ್ತದೆ. ದೋಣಿ ಒಪ್ಪಿಸುವವರು ಇದನ್ನು ಬಾಯಲ್ಲಿ ಹೇಳಿ ಮುಗಿಸಲು ನೋಡಿದರೆ ಒಮ್ಮೆ ಮಾಡಿ ತೋರಿಸಲು ಕೇಳಿ.

ಮೊದಲ ಸಲದವರಿಗೆ ನನ್ನ ಆಯ್ಕೆ ಬ್ರಾಡ್‌ಫರ್ಡ್ ಆನ್ ಏವನ್‌ನಿಂದ ಬಾತ್‌ನತ್ತ. ಬ್ರಾಡ್‌ಫರ್ಡ್ ಲಾಕ್ ದಾಟಿದರೆ ಸುಮಾರು ಒಂಬತ್ತು ಮೈಲಿ ನೀರು ಸಮತಟ್ಟು, ದಾರಿಯಲ್ಲಿ ನದಿಯ ಮೇಲೆ ಹಾಯುವ ಎರಡು ಕಲ್ಲಿನ ಮೇಲ್ಗಾಲುವೆಗಳು. ಕೇನ್ ಹಿಲ್ಲನ್ನು ದಡದ ಮೇಲೆ ನಡೆದೇ ನೋಡಿ. ನೇರ ಸಾಲಿನ ಮೇಲ್ತುದಿಯ 44ನೇ ಲಾಕ್ (ಎಣಿಕೆ ಇಡೀ ಕಾಲುವೆಯದು) ಬಳಿ ಕೆಫೆಯೂ ಇದೆ.