ಇಳಿಜಾರಿನ ನೋವಿಗೆ ಫೋಮ್ ರೋಲರ್: ಬಳಸಿ ನೋಡಿದ ಮೇಲೆ

ಚಿಕ್ಕಮಗಳೂರಿನ ಕ್ರೀಡಾ ಸಾಮಗ್ರಿಯ ಅಂಗಡಿಯೊಂದರಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕ ಫೋಮ್ ರೋಲರ್ ಇದು. ಒಂದು ಅಡಿಗಿಂತ ತುಸು ಉದ್ದದ ಟೊಳ್ಳು ಪ್ಲಾಸ್ಟಿಕ್ ಕೊಳವೆ, ಅದರ ಸುತ್ತ ಉಬ್ಬುತಗ್ಗುಗಳಿರುವ ಗಟ್ಟಿ ಫೋಮಿನ ಹೊದಿಕೆ. ಇಷ್ಟೇ ಇದರ ರಚನೆ. ನೋಯುವ ಸ್ನಾಯುವನ್ನು ಇದರ ಮೇಲಿಟ್ಟು ಮೈಭಾರ ಹಾಕಿ ಉರುಳಿಸಬೇಕು. ಜಿಮ್‌ನಲ್ಲಿ ಬಸ್ಕಿ ಹೊಡೆದ ಮರುದಿನವೂ, ಮುಳ್ಳಯ್ಯನಗಿರಿಯ ಸರ್ಪದಾರಿ ಇಳಿದು ಬಂದ ಮರುದಿನವೂ ಬಳಸಿದ್ದೇನೆ. ನೋವು ಜಾಸ್ತಿಯಿರುವ ಒಂದೆರಡು ದಿನ ಓಡಾಟವನ್ನು ಸಲೀಸು ಮಾಡಿಕೊಡುವ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದು ನನ್ನ ಅಭಿಪ್ರಾಯ. ಡಬ್ಬಿಯ ಮೇಲೆ ಅಚ್ಚಾಗಿರುವ ಉಳಿದ ಭರವಸೆಗಳನ್ನು ಮಾತ್ರ ಪಕ್ಕಕ್ಕಿಡುವುದು ಒಳ್ಳೆಯದು.

ಆ ಭರವಸೆಗಳಲ್ಲಿ ಮೊದಲನೆಯದು, ಸ್ನಾಯುವಿನಲ್ಲಿ ಸೇರಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ರೋಲರ್ ಹೊರಹಾಕುತ್ತದೆ ಎಂಬುದು. ಜಿಮ್ ತರಬೇತುದಾರರ ಬಾಯಲ್ಲೂ ಇದೇ ಮಾತು ಕೇಳಿಬರುತ್ತದೆ. ವ್ಯಾಯಾಮದಿಂದ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ ದೇಹದಲ್ಲಿರುವ ರೂಪ) ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲೇ ಮೊದಲಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಮರುದಿನ ಬೆಳಿಗ್ಗೆ ಏಳುವ ನೋವನ್ನು ಅದರ ತಲೆಗೆ ಕಟ್ಟುವುದು ಸರಿಯಲ್ಲ. 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಮತಟ್ಟಿನ ಟ್ರೆಡ್‌ಮಿಲ್ ಮೇಲೆ ಓಡಿದವರಲ್ಲಿ ಲ್ಯಾಕ್ಟೇಟ್ ಏರಿತಾದರೂ ಗಮನಾರ್ಹ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರದೆಯೇ ನೋವು ಬಂತು.

ಬೆಟ್ಟದ ಊರಿನವರಿಗೆ ಇದು ಅನುಭವದಿಂದಲೇ ಗೊತ್ತಿರುವ ಸಂಗತಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಹತ್ತುವಾಗ ಏದುಸಿರು ಬರುತ್ತದೆ, ತೊಡೆ ಹಿಡಿದುಕೊಳ್ಳುವುದು ಇಳಿದ ಮೇಲೆ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುತ್ತದೆ, ಬಸ್ಕಿಯಲ್ಲಿ ನಿಧಾನವಾಗಿ ಕೆಳಗೆ ಕೂರುವಾಗ ನಡೆಯುವುದೂ ಇದೇ. ಹೀಗೆ ಬಿಗಿಯಾಗಿರುತ್ತಲೇ ಹಿಗ್ಗುವ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗಿ, ಅದನ್ನು ಸರಿಪಡಿಸಲು ದೇಹ ಉರಿಯೂತವನ್ನು ಎಬ್ಬಿಸುತ್ತದೆ. ಜೊತೆಗೆ ನೋವಿನ ನರಗಳೂ ಸೂಕ್ಷ್ಮಗೊಳ್ಳುತ್ತವೆ. ಅಮೆರಿಕದ ಥಿಯೊಡೋರ್ ಹಫ್ 1902ರಷ್ಟು ಹಿಂದೆಯೇ ಬೆರಳಿನ ಸ್ನಾಯುವಿನ ಮೇಲೆ ಪ್ರಯೋಗ ಮಾಡಿ, ತಡವಾಗಿ ಬರುವ ಈ ನೋವಿಗೆ ಸ್ನಾಯುವಿನೊಳಗೆ ಹರಿದಿರುವುದೇ ಕಾರಣವಿರಬೇಕೆಂದು ಹೇಳಿದ್ದರು. ನೋವು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಶುರುವಾಗಿ, ಎರಡನೆಯ ಅಥವಾ ಮೂರನೆಯ ದಿನ ಉಲ್ಬಣಿಸಿ, ವಾರದೊಳಗೆ ತಾನಾಗಿಯೇ ಹೋಗುತ್ತದೆ. ರೋಲರ್ ಇರಲಿ, ಇಲ್ಲದಿರಲಿ, ಹೋಗುತ್ತದೆ.

ಹಾಗಾದರೆ ಇದರ ಕೆಲಸವೇನು? ತೊಡೆಯನ್ನು ರೋಲರ್ ಮೇಲಿಟ್ಟು ಬೋರಲಾಗಿ ಮಲಗಿ, ಮೊಣಕೈಗಳ ಮೇಲೆ ಅರ್ಧ ಭಾರ ಹೊತ್ತು, ಮೊಣಕಾಲಿನ ಮೇಲಿಂದ ಸೊಂಟದ ಕೆಳಗಿನವರೆಗೆ ನಿಧಾನವಾಗಿ ಹಿಂದೆ ಮುಂದೆ ಸರಿಯಬೇಕು. ಮೊದಲ ಕೆಲವು ಉರುಳಿಗೆ ಹಲ್ಲು ಕಚ್ಚಿಕೊಳ್ಳುವಷ್ಟು ನೋವಾಗುತ್ತದೆ, ಒಂದು ನಿಮಿಷ ಕಳೆಯುವಷ್ಟರಲ್ಲಿ ಅದೇ ಜಾಗ ಅಷ್ಟು ಒತ್ತಡವನ್ನು ತಡೆದುಕೊಳ್ಳುತ್ತದೆ. ಮೀನಖಂಡಕ್ಕಾದರೆ ಕುಳಿತೇ ಮಾಡಬಹುದು. ನಮ್ಮ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ರೋಲರ್ ಜಾರುವುದರಿಂದ ಕೆಳಗೊಂದು ಜಮಖಾನ ಹಾಸಿಕೊಳ್ಳಲೇಬೇಕು. ಹೀಗೆ ಉರುಳಿಸಿದ ಮೇಲೆ ಮೆಟ್ಟಿಲಿಳಿಯುವುದೂ, ಎಲ್ಲಕ್ಕಿಂತ ಹೆಚ್ಚಾಗಿ ಭಾರತೀಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರುವುದೂ ಸ್ವಲ್ಪ ಹೊತ್ತು ಸುಲಭವಾಗುತ್ತದೆ. ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಂಜೆಗೆ ಮತ್ತೆ ಉರುಳಿಸಬೇಕು. ಲಟ್ಟಣಿಗೆಯಲ್ಲಿ ಹಿಟ್ಟನ್ನು ಹದ ಮಾಡುವಂತೆ ಇದು ಸ್ನಾಯುವಿನ ಗಂಟನ್ನು ಸಪಾಟು ಮಾಡುತ್ತದೆಂದು ಭಾವಿಸಬಾರದು. ಸ್ನಾಯುವಿನ ಪೊರೆ ಇಷ್ಟು ಒತ್ತಡಕ್ಕೆ ಹಿಗ್ಗುವಷ್ಟು ಮೆದುವಲ್ಲ, ಬದಲಾಗುವುದು ಮುಖ್ಯವಾಗಿ ನರಮಂಡಲವು ನೋವನ್ನು ಸಹಿಸುವ ಮಟ್ಟ. 2015ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಭಾರ ಹೊತ್ತು ಬಸ್ಕಿ ಹೊಡೆದವರು ವ್ಯಾಯಾಮದ ನಂತರವೂ ಮುಂದಿನ ದಿನಗಳಲ್ಲೂ 20 ನಿಮಿಷ ರೋಲರ್ ಬಳಸಿದಾಗ ನೋವು ಕಡಿಮೆಯಾಯಿತು. ಅಧ್ಯಯನದಲ್ಲಿ ಇದ್ದವರು ಎಂಟೇ ಮಂದಿ ಎಂಬುದನ್ನು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ.

ಮನೆಯ ಉಪಾಯಗಳ ಎದುರು ಇದು ಎಲ್ಲಿ ನಿಲ್ಲುತ್ತದೆ ಎಂದರೆ, ಪಳಗಿದ ಕೈಯಿಂದ ಮಾಲೀಸು ಮಾಡಿಸಿಕೊಳ್ಳುವುದು ಇದಕ್ಕಿಂತ ಮೇಲು. ಆದರೆ ಬೇಕೆಂದಾಗಲೆಲ್ಲ ಆ ಕೈ ಸಿಗಬೇಕಲ್ಲ. ಹಂಡೆಯ ಬಿಸಿನೀರು ಹಿತ ಕೊಡುತ್ತದೆ. ಮುಲಾಮು ಚರ್ಮದಲ್ಲಿ ಬಿಸಿ ಅಥವಾ ತಂಪಿನ ಅನುಭವ ಹುಟ್ಟಿಸಿ ಗಮನವನ್ನು ಬೇರೆಡೆ ಸೆಳೆಯುತ್ತದೆ. ಸ್ಟ್ರೆಚಿಂಗ್‌ನಿಂದ ನೋವು ತಗ್ಗುವುದು ತೀರಾ ಅಲ್ಪವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಗಳು ಹೇಳುತ್ತವೆ. ಖರ್ಚಿಲ್ಲದೆ ಕೆಲಸ ಮಾಡುವುದು ಹಗುರವಾದ ನಡಿಗೆ. ಇನ್ನು ಕೆಲವು ವಾರಗಳೊಳಗೆ ಅದೇ ಇಳಿಜಾರನ್ನು ಮತ್ತೆ ಇಳಿದರೆ ನೋವು ಗಣನೀಯವಾಗಿ ಕಡಿಮೆಯಾಗಿರುತ್ತದೆ. ಆ ರಕ್ಷಣೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ರೋಲರ್ ಮುಟ್ಟಲೇಬಾರದ ಸಂದರ್ಭಗಳೂ ಇವೆ. ಇಳಿಯುವಾಗಲೇ ಚಳಕು ಹೊಡೆದಂತೆ ಬಂದ ನೋವು, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗುವುದು, ಅತಿಯಾದ ವ್ಯಾಯಾಮದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು, ಇವು ವೈದ್ಯರ ಬಳಿ ತಕ್ಷಣ ಹೋಗಬೇಕಾದ ಲಕ್ಷಣಗಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಮೂಳೆ, ಮೊಣಕಾಲ ಚಿಪ್ಪು ಮತ್ತು ಸೊಂಟದ ಮೇಲೆ ಯಾರೂ ಉರುಳಿಸಬಾರದು.

ಬಾಳಿಕೆಯ ವಿಷಯದಲ್ಲಿ ದೂರಿಲ್ಲ, ಒಳಗಿನ ಕೊಳವೆ ಇನ್ನೂ ಬಾಗಿಲ್ಲ. ಆದರೆ ಈ ಮಾದರಿಯ ಉಬ್ಬುಗಳು ಹೊಸಬರಿಗೆ ಅತಿಯಾಗಿ ಚುಚ್ಚುತ್ತವೆ, ಸಂದುಗಳಲ್ಲಿ ಬೆವರು ಮತ್ತು ಧೂಳು ಕೂರುತ್ತದೆ, ಮಳೆಗಾಲದಲ್ಲಿ ಒರೆಸಿಡದಿದ್ದರೆ ವಾಸನೆಯೂ ಬರುತ್ತದೆ. ಮೊದಲ ಬಾರಿ ಕೊಳ್ಳುವವರು ಮೇಲ್ಮೈ ನಯವಾಗಿರುವ, ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ತುಸುವೇ ತಗ್ಗುವ ಮಾದರಿಯನ್ನು ಕೇಳಿ ಪಡೆಯುವುದು ಉತ್ತಮ.