ಆ್ಯಪ್, ಹತ್ತು ದಿನದ ಶಿಬಿರ, ಎಂಟು ವಾರದ ಕ್ಲಾಸ್: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ಲಾಸಿಗೆ, ಅಂದರೆ ಈ ಕ್ಷಣ ಆಗುತ್ತಿರುವುದನ್ನು ಬೈದುಕೊಳ್ಳದೆ ಗಮನಿಸುವುದನ್ನು ಕಲಿಸುವ ಕ್ಲಾಸಿಗೆ. ವಾರಕ್ಕೊಂದು ಸಲ ಹೋಗಿ ಕೂತು ಕಲಿತು, ಉಳಿದ ದಿನ ಮನೆಯಲ್ಲಿ ಅಭ್ಯಾಸ ಮಾಡಿ, ಮುಂದಿನ ವಾರ ಟೀಚರ್ ಎದುರು "ಹೀಗಾಯ್ತು, ಇಲ್ಲಿ ಸಿಕ್ಕಿಹಾಕಿಕೊಂಡೆ" ಅಂತ ಹೇಳಿಕೊಳ್ಳುವ ಕ್ಲಾಸ್ ಅದು. ಅದಕ್ಕೂ ಮುಂಚೆ ದುಡ್ಡು ಕೊಟ್ಟು ಒಂದು ಧ್ಯಾನದ ಆ್ಯಪ್ ಹಾಕಿಕೊಂಡಿದ್ದೆ. ವಿಪಶ್ಯನ ಅನ್ನುವ ಹತ್ತು ದಿನದ ಮೌನ ಧ್ಯಾನದ ಶಿಬಿರಕ್ಕೂ ಹೋಗಿ ಬಂದಿದ್ದೆ. ಮೂರರಿಂದಲೂ ಒಂದಿಷ್ಟು ಸಿಕ್ಕಿದೆ. ಆದರೆ ಬೆಳಗ್ಗೆ ಯಾರೂ ಹೇಳದೆ ನಾನಾಗಿಯೇ ಚಾಪೆ ಹಾಸಿ ಕೂರುವಂತೆ ಮಾಡಿದ್ದು ಆ ಕ್ಲಾಸ್ ಒಂದೇ.

ನನ್ನ ಪರಿಸ್ಥಿತಿ ಗೊತ್ತಿದ್ದರೆ ನಿಮಗೆ ತಾಳೆ ಹಾಕಿಕೊಳ್ಳುವುದು ಸುಲಭ. ಮೈಸೂರಿನಲ್ಲಿ ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ. ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ, ಅಂದರೆ ಜಿಎಸ್‌ಟಿ ರಿಟರ್ನ್ ಹಾಕುವ ಕೊನೆಯ ದಿನಗಳು, ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಯಾವುದೋ ಕ್ಲೈಂಟಿನ ಒಂದು ಬಿಲ್ ನೆನಪಾದರೆ ಮುಗೀತು, ಬೆಳಗಿನವರೆಗೂ ಅದೇ. ಮನೆಯಲ್ಲಿ ಅತ್ತೆ, ಗಂಡ, ಹೈಸ್ಕೂಲಿಗೆ ಹೋಗುವ ಮಗ. ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಬಿಪಿ, ರಕ್ತ ಎಲ್ಲ ತೋರಿಸಿದೆ, ಎಲ್ಲ ಸರಿ ಇತ್ತು. ಒತ್ತಡ ಕಡಿಮೆ ಮಾಡಿಕೊಳ್ಳಿ ಅಂದರು. ಹೇಗೆ ಅನ್ನುವುದನ್ನು ನಾನೇ ಹುಡುಕಬೇಕಾಯಿತು.

ಮೊದಲು ಆ್ಯಪ್. ವರ್ಷಕ್ಕೆ ಒಂದೂವರೆ ಸಾವಿರ ಚಿಲ್ಲರೆ. ಹೆಸರು ಬೇಡ, ಏಕೆಂದರೆ ನಾನು ಹೇಳಹೊರಟಿರುವ ತೊಂದರೆ ಅದೊಂದಕ್ಕೇ ಸೇರಿದ್ದಲ್ಲ. ಪಾಠಗಳು ಚೆನ್ನಾಗಿದ್ದವು. ಉಸಿರು ಮೂಗಿನ ಹತ್ತಿರ ಹೇಗೆ ತಾಕುತ್ತದೆ ಅಂತ ಗಮನಿಸುವುದು, ಮನಸ್ಸು ಬೇರೆಲ್ಲೋ ಹೋದರೆ ಬೈದುಕೊಳ್ಳದೆ ವಾಪಸ್ ತರುವುದು, ಇದನ್ನು ಮೊದಲು ಕಲಿತದ್ದು ಅಲ್ಲೇ. ಹತ್ತು ನಿಮಿಷದ ಪಾಠ, ಬೆಳಗ್ಗೆ ಕುಕ್ಕರ್ ಇಡುವ ಮುಂಚೆ ಮುಗಿಯುತ್ತಿತ್ತು. ಇಂಗ್ಲಿಷ್ ದನಿ ಅಭ್ಯಾಸವಾಯಿತು.

ತೊಂದರೆ ಬಂದಿದ್ದು ಲೆಕ್ಕದಿಂದ. ಪಾಠ ಮುಗಿದ ಕೂಡಲೇ ಪರದೆ ಮೇಲೆ ದೊಡ್ಡದಾಗಿ ಒಂದು ಅಂಕಿ ಬರುತ್ತದೆ: ಒಂದು ದಿನವೂ ಬಿಡದೆ ಎಷ್ಟು ದಿನ ಕೂತಿದ್ದೀರಿ ಅಂತ. ಸ್ಟ್ರೀಕ್ ಅನ್ನುತ್ತಾರೆ. ಮೊದಮೊದಲು ಅದು ಖುಷಿ ಕೊಡುತ್ತದೆ, ನಿಜ. ಇಲಾಖೆಯಿಂದ ಇಲಾಖೆಗೆ ದಾಟಿದ ಫೈಲಿನಂತೆ ಆ ಅಂಕಿ ತೂಕ ಪಡೆದುಕೊಳ್ಳುತ್ತಾ ಹೋಗುತ್ತದೆ. ಆಮೇಲೆ ಅದನ್ನು ಕಳೆದುಕೊಳ್ಳುವ ಭಯ ಶುರು. ಗೌರಿ ಹಬ್ಬಕ್ಕೆ ಗಂಡನ ಊರಿಗೆ ಹೋದಾಗ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೆಳಗ್ಗೆ ಹಿತ್ತಲಿನ ಕಟ್ಟೆ ಮೇಲೆ ಕೂತು, ಆ್ಯಪ್ ಇಲ್ಲದೆಯೇ, ಆವರೆಗಿನ ಎಲ್ಲ ದಿನಗಳಿಗಿಂತ ಚೆನ್ನಾಗಿ ಧ್ಯಾನ ಮಾಡಿದ್ದೆ. ವಾಪಸ್ ಬಂದು ತೆರೆದು ನೋಡಿದರೆ ಅಂಕಿ ಸೊನ್ನೆ. ಅಷ್ಟು ಒಳ್ಳೆಯ ಬೆಳಗು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅಷ್ಟಕ್ಕೇ ಇಡೀ ದಿನ ಮನಸ್ಸು ಪಿಚ್ಚೆಂದಿತ್ತು.

ಅಲ್ಲಿಂದ ಅದು ಕೆಟ್ಟಿತು. ರಾತ್ರಿ ಹತ್ತರ ಹೊತ್ತಿಗೆ "ಇವತ್ತು ಇನ್ನೂ ಕೂತಿಲ್ಲ" ಅಂತ ನೋಟಿಫಿಕೇಶನ್ ಬರುತ್ತಿತ್ತು. ಕಣ್ಣು ಎಳೆಯುತ್ತಿದ್ದರೂ ಮೂರು ನಿಮಿಷದ ಚಿಕ್ಕ ಪಾಠ ಹಾಕಿ, ಅತ್ತ ಹಲ್ಲುಜ್ಜುತ್ತಾ ಇತ್ತ ಅದನ್ನು ಓಡಿಸಿ, ಅಂಕಿ ಏರಿತು ಅಂತ ಮಲಗುವುದು. ನೋಟಿಫಿಕೇಶನ್ ಆಫ್ ಮಾಡಿದೆ. ಪಾಠದ ಕೊನೆಯಲ್ಲಿ ಬರುವ ಅಂಕಿಯನ್ನು ಮಾತ್ರ ತೆಗೆಯಲು ಆಗಲಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯೇ ಇಲ್ಲ. ಸಹಾಯಕ್ಕೆ ಮೇಲ್ ಬರೆದರೆ "ನಿಮ್ಮ ಸಲಹೆಗೆ ಧನ್ಯವಾದ" ಅಂತ ಒಂದು ಸಿದ್ಧ ಉತ್ತರ. ಆಫೀಸಿನಲ್ಲಿ ಕೊನೆಯ ದಿನ, ಕೊನೆಯ ದಿನ ಅಂತ ಓಡಿ ಸುಸ್ತಾದವಳು ನಾನು. ಅದರಿಂದ ಬಿಡುವು ಬೇಕು ಅಂತ ದುಡ್ಡು ಕೊಟ್ಟರೆ ಪ್ರತಿ ರಾತ್ರಿ ಹನ್ನೆರಡಕ್ಕೆ ಇನ್ನೊಂದು ಕೊನೆಯ ಗಡುವು ತಂದುಕೊಟ್ಟಿತು ಆ ಆ್ಯಪ್.

ಇನ್ನೂ ಒಂದು ವಿಷಯ ಇದೆ. ಪಾಠ ಹಾಕಲು ಬೆಳಗ್ಗೆ ಮೊದಲು ಕೈಗೆತ್ತಿಕೊಳ್ಳುವುದೇ ಫೋನ್. ಅದರಲ್ಲಿ ಕ್ಲೈಂಟುಗಳ ವಾಟ್ಸಾಪ್ ಕಾದು ಕೂತಿರುತ್ತದೆ.

ಚಂದಾ ಬಗ್ಗೆ ಒಂದು ಉಪಯೋಗದ ಮಾತು. ಇಂಥವು ವರ್ಷಕ್ಕೊಮ್ಮೆ ತಾವಾಗಿಯೇ ದುಡ್ಡು ಎಳೆದುಕೊಳ್ಳುತ್ತವೆ. ಆರ್‌ಬಿಐ ನಿಯಮದ ಪ್ರಕಾರ ಎಳೆಯುವ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು. ಆ ಮೆಸೇಜನ್ನು ಜಾಹೀರಾತು ಅಂತ ಅಳಿಸಬೇಡಿ. ನಾನು ಅದು ಬಂದ ಕೂಡಲೇ ಯುಪಿಐ ಆ್ಯಪಿನ ಆಟೋಪೇ ಪಟ್ಟಿಗೆ ಹೋಗಿ ರದ್ದು ಮಾಡಿದೆ.

ಎರಡನೆಯದು ವಿಪಶ್ಯನ. ಇದರ ಬಗ್ಗೆ ನನಗೆ ಗೌರವ ಜಾಸ್ತಿ. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಅಲ್ಲಿ ಧ್ಯಾನದ ಗುರು ಊ ಬಾ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ತಂದ ಕ್ರಮ ಇದು. ಬೆಂಗಳೂರಿನ ತುಮಕೂರು ರಸ್ತೆ ಕಡೆ ಆಲೂರಿನಲ್ಲಿ ಧಮ್ಮ ಪಫುಲ್ಲ ಅಂತ ಕೇಂದ್ರ ಇದೆ. ಫೀಸ್ ಇಲ್ಲ. ಊಟ, ವಸತಿ ಎಲ್ಲ ಹಿಂದೆ ಕಲಿತವರು ಕೊಟ್ಟ ದಾನದಿಂದ ನಡೆಯುತ್ತದೆ. ಶಿಬಿರ ಮುಗಿಸಿದ ಮೇಲಷ್ಟೇ ನಿಮ್ಮ ದಾನ ತೆಗೆದುಕೊಳ್ಳುತ್ತಾರೆ, ಅದೂ ಇಷ್ಟ ಇದ್ದರೆ.

ಬೆಳಗ್ಗೆ ನಾಲ್ಕಕ್ಕೆ ಗಂಟೆ. ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಮಾತಿಲ್ಲ, ಫೋನಿಲ್ಲ, ಓದು ಬರಹ ಇಲ್ಲ. ಹನ್ನೊಂದಕ್ಕೆ ಮಧ್ಯಾಹ್ನದ ಊಟ, ಸಂಜೆ ಐದಕ್ಕೆ ಹೊಸಬರಿಗೆ ಚಹಾ ಮತ್ತು ಹಣ್ಣು, ರಾತ್ರಿ ಊಟ ಇಲ್ಲ. ಮೊದಲ ಮೂರು ದಿನ ಆನಾಪಾನ, ಅಂದರೆ ಬರೀ ಉಸಿರು ನೋಡುವುದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನೇನು ಆಗುತ್ತದೆ ಅಂತ ಗಮನಿಸುವುದು. ಆ ದಿನದಿಂದಲೇ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಕದಲಿಸದೆ ಕೂರಬೇಕು. ನನ್ನ ಮಂಡಿ ನೋವು ಬಗ್ಗೆ ಹೇಳಹೋದರೆ ಒಂದು ಪುಟ ಆಗುತ್ತದೆ, ಬಿಡಿ. ಆದರೆ ಆ ನೋವು ಏರಿ, ಉರಿದು, ತಾನಾಗಿಯೇ ಇಳಿಯುವುದನ್ನು ಕೂತಲ್ಲೇ ಕಂಡದ್ದು ನನ್ನ ಬದುಕಿನ ದೊಡ್ಡ ಪಾಠಗಳಲ್ಲಿ ಒಂದು. ಆಮೇಲೆ ಯಾರ ಮೇಲಾದರೂ ಸಿಟ್ಟು ಬಂದಾಗ ಎದೆಯಲ್ಲಿ ಅದು ಬಿಸಿಯಾಗಿ ಏರುವುದು ನನಗೆ ಮೊದಲೇ ತಿಳಿಯುತ್ತದೆ.

ಹಾಗಾದರೆ ಇದೇ ಯಾಕೆ ನನ್ನ ಮೊದಲ ಆಯ್ಕೆ ಅಲ್ಲ? ಎರಡು ಕಾರಣ. ಹತ್ತು ದಿನ ಅಂದರೂ ಸೇರುವ ದಿನ, ಹೊರಡುವ ದಿನ ಎಲ್ಲ ಸೇರಿ ಹನ್ನೆರಡು ದಿನ ರಜೆ ಬೇಕು. ತಿಂಗಳಿಗೆ ಎರಡು ಗಡುವು ಇರುವ ಕೆಲಸದಲ್ಲಿ ಅಷ್ಟು ರಜೆ ಹೊಂದಿಸುವುದು, ಮನೆಯಲ್ಲಿ ಅತ್ತೆಗೆ ಒಪ್ಪಿಸುವುದು ದೊಡ್ಡ ಕೆಲಸ. ನಮ್ಮ ಅತ್ತೆ "ಹೋಗಿ ಬಾಮ್ಮ, ನಾನಿದ್ದೀನಲ್ಲ" ಅಂದರು, ಅದು ನನ್ನ ಪುಣ್ಯ. ಎಲ್ಲರ ಮನೆಯಲ್ಲೂ ಹಾಗೆ ಹೇಳುವವರು ಇರಬೇಕಲ್ಲ.

ಎರಡನೆಯದು ವಾಪಸ್ ಬಂದ ಮೇಲಿನ ಕಥೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತ ಹೇಳಿ ಕಳಿಸುತ್ತಾರೆ. ಶಿಬಿರದಲ್ಲಿ ಅಡುಗೆ ಬೇರೆಯವರು ಮಾಡುತ್ತಿದ್ದರು, ಮನೆಯಲ್ಲಿ ನಾನು ಮಾಡಬೇಕು. ಬೆಳಗಿನ ಒಂದು ಗಂಟೆ ಕೆಲವು ವಾರ ನಡೆಯಿತು. ಸಂಜೆಯದು ಮಗನ ಟ್ಯೂಷನ್, ಚಪಾತಿ ಹಿಟ್ಟು, ಆಫೀಸಿನ ಫೋನು ಇವುಗಳ ನಡುವೆ ಸೇರಲೇ ಇಲ್ಲ. ಮಾರ್ಚ್ ತಿಂಗಳು ಬಂದ ಮೇಲೆ ಬೆಳಗಿನದೂ ಹೋಯಿತು.

ಇನ್ನು ನನ್ನ ಮೆಚ್ಚಿನ ಎಂಟು ವಾರದ ಕ್ಲಾಸ್. ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಬೇಸ್ಡ್ ಸ್ಟ್ರೆಸ್ ರಿಡಕ್ಷನ್, ಅಂದರೆ ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ಇಳಿಸುವುದು) ಅನ್ನುವ ಪಠ್ಯಕ್ರಮ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ್ದು. ಹಳೆಯ ನೋವು, ಒತ್ತಡ ಇದ್ದು ಚಿಕಿತ್ಸೆಯಿಂದ ಪೂರ್ತಿ ಆರಾಮ ಸಿಗದ ರೋಗಿಗಳಿಗೆ ಅಂತ ಮಾಡಿದರು. ಬೇರು ನಮ್ಮ ಕಡೆಯದೇ, ಬೌದ್ಧ ಧ್ಯಾನ ಮತ್ತು ಹಠಯೋಗ. ಮಾತು ಮಾತ್ರ ಆಸ್ಪತ್ರೆಯದು, ಯಾವ ಧರ್ಮದವರೂ ಬಂದು ಕೂರಬಹುದು. ನಮ್ಮ ಬ್ಯಾಚ್ ಒಂದು ಕೌನ್ಸೆಲಿಂಗ್ ಸೆಂಟರಿನ ಮಹಡಿಯಲ್ಲಿ ನಡೆಯಿತು, ಶನಿವಾರ ಮಧ್ಯಾಹ್ನ ಎರಡೂವರೆ ಗಂಟೆ. ಫೀಸ್ ಹನ್ನೆರಡು ಸಾವಿರ. ಕೊಡುವಾಗ ಕೈ ಹಿಂಜರಿಯಿತು. ಎರಡು ಕಂತಿನಲ್ಲಿ ತೆಗೆದುಕೊಂಡರು.

ಮೊದಲ ದಿನ ಕೈಗೆ ಒಂದು ಒಣದ್ರಾಕ್ಷಿ ಕೊಟ್ಟು, ಅದನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿ, ಮೂಸಿ, ನಿಧಾನವಾಗಿ ತಿನ್ನಿ ಅಂದರು. ಪಾಯಸಕ್ಕೆ ಹಿಡಿಗಟ್ಟಲೆ ಹಾಕುವ ದ್ರಾಕ್ಷಿಯ ರುಚಿ ಅಷ್ಟು ಹೊತ್ತು ನಾಲಿಗೆ ಮೇಲೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಬಾಡಿ ಸ್ಕ್ಯಾನ್: ಮಲಗಿಕೊಂಡು ಎಡಗಾಲಿನ ಬೆರಳಿಂದ ಶುರು ಮಾಡಿ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವುದು, ಮುಕ್ಕಾಲು ಗಂಟೆ. ಮನೆಯಲ್ಲೂ ವಾರಕ್ಕೆ ಆರು ದಿನ ಅದನ್ನೇ ಮಾಡಬೇಕು.

ನಾನು ಪ್ರತಿ ಸಲ ಮಂಡಿ ತಲುಪುವ ಮುಂಚೆ ನಿದ್ದೆ ಹೋಗುತ್ತಿದ್ದೆ. ಆ್ಯಪ್ ಆಗಿದ್ದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ, ಪಾಠ ಮುಗಿಯಿತು ಅಂತ ಅಂಕಿ ಏರಿಸುತ್ತಿತ್ತು. ಇಲ್ಲಿ ಎರಡನೇ ಶನಿವಾರ ಕೈ ಎತ್ತಿ ಹೇಳಿದೆ. ಟೀಚರ್ ಕೇಳಿದರು, "ನಿದ್ದೆ ಬರುವ ಮುಂಚಿನ ಕ್ಷಣ ಏನಾಗುತ್ತೆ, ಗಮನಿಸಿದ್ದೀರಾ?" ಇಲ್ಲ ಅಂದೆ. "ಈ ವಾರ ಅಷ್ಟೇ ನೋಡಿ, ಬೇಕಾದರೆ ಕಣ್ಣು ತೆರೆದುಕೊಂಡು ಮಾಡಿ. ನಿದ್ದೆ ಬಂದರೆ ನಿಮ್ಮ ಮೈಗೆ ಅದು ಬೇಕಿತ್ತು ಅಂತ ತಿಳ್ಕೊಳ್ಳಿ." ಪಕ್ಕದಲ್ಲಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಮಗೂ ಹಾಗೇ ಅಂದರು. ಒಬ್ಬ ನರ್ಸ್ ತನಗೆ ಕಣ್ಣು ಮುಚ್ಚಿದರೆ ಹೆದರಿಕೆ ಆಗುತ್ತದೆ ಅಂತ ಹೇಳಿದರು. ಅವರಿಗೆ ಟೀಚರ್ ಬೇರೆ ದಾರಿ ಹೇಳಿಕೊಟ್ಟರು: ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವುದನ್ನು ಮಾತ್ರ ಗಮನಿಸುವುದು. ಈ ಒಂದು ಗಂಟೆಯ ಮಾತುಕತೆಗೇ ನಾನು ಹನ್ನೆರಡು ಸಾವಿರ ಕೊಟ್ಟಿದ್ದು ಅಂತ ನನ್ನ ಲೆಕ್ಕ. ಒಬ್ಬೊಬ್ಬರಿಗೆ ಒಂದೊಂದು ಕಡೆ ತೊಡಕು, ಅದನ್ನು ನೋಡಿ ಹೇಳುವ ಒಬ್ಬ ಮನುಷ್ಯ ಎದುರಿಗೆ ಬೇಕು.

ಎರಡನೇ ವಾರ ದಿನಕ್ಕೊಂದು ಹಿತವಾದ ಸಂಗತಿ, ಮೂರನೇ ವಾರ ದಿನಕ್ಕೊಂದು ಅಹಿತವಾದದ್ದು ಬರೆದು ತರಬೇಕಿತ್ತು. ಆಗ ಮೈಯಲ್ಲಿ ಏನಾಯಿತು, ತಲೆಯಲ್ಲಿ ಏನು ಓಡಿತು ಅಂತ ಬೇರೆ ಬೇರೆಯಾಗಿ. ಈ ಹಾಳೆ ನನಗೆ ಹೇಳಿ ಮಾಡಿಸಿದ ಹಾಗಿತ್ತು, ನನ್ನ ದಿನವೆಲ್ಲ ಕಾಲಮ್ಮುಗಳಲ್ಲೇ ಅಲ್ವಾ ಕಳೆಯುವುದು. ನಡಿಗೆಯ ಧ್ಯಾನವನ್ನು ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಮಾಡಿದೆ. ಆರು ಮತ್ತು ಏಳನೇ ವಾರದ ನಡುವೆ ಒಂದು ಪೂರ್ತಿ ದಿನದ ಮೌನ ಇತ್ತು. ವಿಪಶ್ಯನ ಮಾಡಿದ್ದರಿಂದ ನನಗೆ ಕಷ್ಟವಾಗಲಿಲ್ಲ.

ದಿನಾ ಜಾಸ್ತಿ ಉಪಯೋಗಕ್ಕೆ ಬರುತ್ತಿರುವುದು ಮಾತ್ರ ಮೂರು ನಿಮಿಷದ ಒಂದು ಚಿಕ್ಕ ಅಭ್ಯಾಸ. ಮೊದಲು, ಈಗ ತಲೆಯಲ್ಲಿ ಏನಿದೆ, ಮೈ ಹೇಗಿದೆ ಅಂತ ನೋಡುವುದು. ಆಮೇಲೆ ಗಮನವನ್ನೆಲ್ಲ ಉಸಿರಿಗೆ ತರುವುದು. ಕೊನೆಗೆ ಅದನ್ನು ಇಡೀ ಮೈಗೆ ಹರಡುವುದು. ಖಿನ್ನತೆ ಮರುಕಳಿಸದಿರಲಿ ಅಂತ ರೂಪಿಸಿದ ಎಂಬಿಸಿಟಿ ಅನ್ನುವ ಇನ್ನೊಂದು ಪಠ್ಯದಿಂದ ಬಂದದ್ದು, ನಮ್ಮ ಟೀಚರ್ ಸೇರಿಸಿ ಹೇಳಿಕೊಟ್ಟರು. ಜಿಎಸ್‌ಟಿ ಪೋರ್ಟಲ್ ತಿರುಗುತ್ತಾ ನಿಂತಾಗ ಕುರ್ಚಿಯಲ್ಲೇ ಮಾಡುತ್ತೇನೆ, ಪಕ್ಕದವರಿಗೂ ಗೊತ್ತಾಗಲ್ಲ. ರಾತ್ರಿ ಎರಡಕ್ಕೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ. ಆದರೆ ಬಿಲ್ಲಿನ ಯೋಚನೆ ಬಂದು ಹೋಗುತ್ತದೆ, ನಾನು ಅದರ ಹಿಂದೆ ಬೆಳಗಿನವರೆಗೂ ಹೋಗುವುದಿಲ್ಲ.

ಇದೆಲ್ಲ ಬರೀ ನನ್ನ ಅನುಭವವಾ ಅಂತ ಕೇಳುವವರಿಗೆ: 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಒಂದು ಗುಂಪಿಗೆ ಈ ಎಂಟು ವಾರದ ಕ್ಲಾಸ್, ಇನ್ನೊಂದಕ್ಕೆ ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ ಮಾತ್ರೆ ಕೊಟ್ಟು ನೋಡಿದರು. ಎರಡರಲ್ಲೂ ಆತಂಕ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಯಿತು. ಇದನ್ನು ಓದಿ ನಡೆಯುತ್ತಿರುವ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಅದು ಡಾಕ್ಟರ ಜೊತೆ ಕೂತು ಮಾಡುವ ತೀರ್ಮಾನ. ವಿಪಶ್ಯನದ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ಅಲ್ಲೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಬದುಕೇ ಬೇಡ ಅನ್ನುವಷ್ಟು ಮನಸ್ಸು ಕುಸಿದಿದ್ದರೆ ಈ ಮೂರರಲ್ಲಿ ಯಾವುದೂ ಮೊದಲಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಆರ್ಟ್ ಆಫ್ ಲಿವಿಂಗ್, ಈಶಾ, ಬ್ರಹ್ಮಕುಮಾರಿ ಬಗ್ಗೆ ಯಾಕೆ ಬರೆದಿಲ್ಲ ಅಂದರೆ, ಅವನ್ನು ನಾನು ಮಾಡಿಲ್ಲ.

ದುಡ್ಡಿನ ಲೆಕ್ಕ ಹೀಗೆ. ಖರ್ಚು ಮಾಡಲು ಏನೂ ಇಲ್ಲ, ಆದರೆ ಹನ್ನೆರಡು ದಿನ ಬಿಡುವು ಮಾಡಿಕೊಳ್ಳಬಲ್ಲಿರಿ ಅಂತಾದರೆ ವಿಪಶ್ಯನಕ್ಕೆ ಹೋಗಿ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ನಡುವೆ ಇರುವವರಿಗೆ, ನಿವೃತ್ತರಿಗೆ ಅದೇ ಸರಿ. ನನ್ನ ಹಾಗೆ ಮನೆ, ಆಫೀಸು ಎರಡೂ ಇದ್ದು, ಒಂದು ಸೀರೆ, ಒಂದು ಸಣ್ಣ ಪ್ರವಾಸ ಬಿಟ್ಟರೆ ಹನ್ನೆರಡು ಸಾವಿರ ಹೊಂದುತ್ತದೆ ಅನ್ನುವವರು ಕ್ಲಾಸಿಗೆ ಸೇರಿ. ಸೇರುವ ಮುಂಚೆ ಕೇಳಿ: ಬ್ಯಾಚಿನಲ್ಲಿ ಎಷ್ಟು ಜನ, ಟೀಚರ್ ಎಲ್ಲಿ ತರಬೇತಿ ಪಡೆದರು, ಒಂದು ವಾರ ತಪ್ಪಿದರೆ ಏನು ಮಾಡುತ್ತಾರೆ, ಕನ್ನಡದಲ್ಲಿ ಮಾತಾಡಿದರೆ ನಡೆಯುತ್ತದಾ. ಇಪ್ಪತ್ತೈದಕ್ಕಿಂತ ಜಾಸ್ತಿ ಜನ ಇದ್ದರೆ ನಾನಾದರೆ ಸೇರಲ್ಲ, ನಿಮ್ಮ ಸರದಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಎರಡೂ ಆಗದಿದ್ದರೆ ಗಡಿಯಾರದಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟುಕೊಂಡು ಉಸಿರು ನೋಡುತ್ತಾ ಕೂರಿ, ಫೋನ್ ಬೇರೆ ಕೋಣೆಯಲ್ಲಿರಲಿ. ಜೊತೆಗೆ ಇದನ್ನೇ ಮಾಡುವ ಒಬ್ಬ ಗೆಳತಿಯನ್ನೋ ಅಣ್ಣನನ್ನೋ ಹುಡುಕಿಕೊಂಡು, ಭಾನುವಾರ ಒಂದು ಕಾಫಿ ಕುಡಿಯುತ್ತಾ ಆ ವಾರ ಎಲ್ಲಿ ತೊಡಕಾಯಿತು ಅಂತ ಇಬ್ಬರೂ ಹೇಳಿಕೊಳ್ಳಿ.