"ಕ್ಲೋನ್ ಅಲ್ಲ" ಅಂತ ಬೋರ್ಡ್ ಹಾಕಿದ ತುಪ್ಪದ ಅಂಗಡಿ: ಹೋಗಬಹುದಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ರಸ್ತೆ ಬದಿಯಲ್ಲೇ ಸಿಗುವ ಒಂದು ಹಾಲು ತುಪ್ಪದ ಅಂಗಡಿ. ಹೆಸರು ಹಾಕುವುದಿಲ್ಲ. ಮೆಚ್ಚುಗೆಯೂ ಇದೆ, ದೂರೂ ಇದೆ, ಮೇಲಾಗಿ ಯಜಮಾನರು ಮದುವೆ ಊಟಗಳಲ್ಲಿ ಎದುರು ಪಂಕ್ತಿಯಲ್ಲಿ ಸಿಗುವವರು. ಆ ಕಡೆಯವರಿಗೆ ಹೇಗೂ ಗೊತ್ತಾಗುತ್ತದೆ ಬಿಡಿ.

ಬೋರ್ಡು ಮೂರು ಭಾಷೆಯಲ್ಲಿದೆ. ಮೇಲೆ ದೊಡ್ಡದಾಗಿ ಮಲಯಾಳ, ನಡುವೆ ಇಂಗ್ಲಿಷ್, ಕೆಳಗೆ ಜಾಗ ಉಳಿದಷ್ಟರಲ್ಲಿ ಕನ್ನಡ, ಎಂದಿನಂತೆ. "ಊರ ದನದ ತುಪ್ಪ. ಎ2. ಹಾರ್ಮೋನ್ ಇಲ್ಲ. ಲೋನ್ ಅಲ್ಲ." ಮೊದಲ ಸಲ ಓದಿದಾಗ ಸಾಲಕ್ಕೆ ಕೊಡುವುದಿಲ್ಲ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಇಂಗ್ಲಿಷ್ ಸಾಲು ನೋಡಿದೆ. ಅದು ಕ್ಲೋನ್, ಅಂದರೆ ಒಂದು ಪ್ರಾಣಿಯ ಜೀವಕೋಶದಿಂದ ಅದರದ್ದೇ ತದ್ರೂಪು ಹುಟ್ಟಿಸುವುದು. ಬರೆಯುವವನು ಒಂದು ಅಕ್ಷರ ನುಂಗಿದ್ದಾನೆ.

ಮೊದಲು ತುಪ್ಪ. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹರಳು ಹರಳಾಗಿದೆ, ಬಾಟಲಿ ತೆಗೆದರೆ ಹದವಾಗಿ ಕಾಯಿಸಿದ ಪರಿಮಳ, ಬಿಸಿ ಗಂಜಿಗೆ ಒಂದು ಚಮಚ ಹಾಕಿ ಉಪ್ಪಿನಕಾಯಿ ಜೊತೆ ಉಂಡರೆ ಮತ್ತೇನೂ ಬೇಡ ಅನಿಸುತ್ತದೆ. ಅರ್ಧ ಲೀಟರಿಗೆ 950 ರೂಪಾಯಿ. ಸಾಮಾನ್ಯ ತುಪ್ಪಕ್ಕಿಂತ ಎರಡು ಪಾಲು ಜಾಸ್ತಿ. ಊರ ದನ ಸಾಕಿದವರಿಗೆ ಈ ರೇಟು ಜಾಸ್ತಿ ಅನಿಸದು. ಒಂದು ಕಾಸರಗೋಡು ಗಿಡ್ಡ, ಅಂದರೆ ಇಲ್ಲಿನ ನಾಟಿ ತಳಿಯ ಊರ ದನ, ದಿನಕ್ಕೆ ಎಷ್ಟು ಹಾಲು ಕೊಡುತ್ತದೆ? ಒಂದು ಲೀಟರ್, ಒಂದೂವರೆ, ತುಂಬಾ ಒಳ್ಳೆಯದಾದರೆ ಎರಡೋ ಮೂರೋ. ಹಾಗಾಗಿ ರೇಟಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬೋರ್ಡಿನ ಬಗ್ಗೆ.

"ಕ್ಲೋನ್ ಅಲ್ಲ ಅಂತ ಯಾಕೆ ಹಾಕಿದ್ದೀರಿ ಭಾವ?" ಅಂತ ಕೇಳಿದೆ. "ಈಗ ಅದೆಲ್ಲ ಬಂದಿದೆ ಅಲ್ವಾ, ಜನ ಕೇಳುತ್ತಾರೆ" ಅಂದರು. ಯಾರು ಕೇಳುತ್ತಾರೋ ಗೊತ್ತಿಲ್ಲ. ಬಂದಿರುವುದೇನೋ ನಿಜ. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರಿಂದ ಎಮ್ಮೆ ಕ್ಲೋನ್ ಮಾಡುತ್ತಿದ್ದಾರೆ. ಆ ವರ್ಷದ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ಕರು ಕೆಲವೇ ದಿನ ಬದುಕಿತು. ಜೂನ್‌ನಲ್ಲಿ ಗರಿಮಾ ಹುಟ್ಟಿತು. 2010ರಲ್ಲಿ ಹುಟ್ಟಿದ ಇನ್ನೊಂದು ಗರಿಮಾ 2013ರಲ್ಲಿ ತಾನೇ ಕರು ಹಾಕಿತು, ಅದರ ಹೆಸರು ಮಹಿಮಾ. 2023ರ ಮಾರ್ಚ್‌ನಲ್ಲಿ ಗಿರ್ ತಳಿಯ ದನದ ಕರು ಗಂಗಾ ಹುಟ್ಟಿತು, ಹುಟ್ಟುವಾಗಲೇ 32 ಕಿಲೋ. ಅಂದರೆ ನಮ್ಮ ದೇಶದಲ್ಲಿ ಇದು ಸಂಶೋಧನೆಯ ಹಟ್ಟಿಯೊಳಗಿನ ಕೆಲಸ. ಕರ್ನಾಲಿನ ಆ ಕ್ಲೋನ್‌ಗಳ ಹಾಲು ಪೆರ್ಲದ ದಾರಿಯ ಅಂಗಡಿಗೆ ಬರುವ ಅಪಾಯ ಇತ್ತೇ, ಬೋರ್ಡ್ ಹಾಕಿ ತಡೆಯಲಿಕ್ಕೆ? ತೆಂಗಿನಕಾಯಿ ಮೇಲೆ "ಇದರಲ್ಲಿ ಮೀನಿನ ಮುಳ್ಳಿಲ್ಲ" ಅಂತ ಬರೆದ ಹಾಗಾಯಿತು.

ಹಾಗಂತ ಕ್ಲೋನ್ ಅಂದ ಕೂಡಲೇ ಬೆಚ್ಚಿ ಬೀಳುವ ಪೈಕಿ ನಾನಲ್ಲ. ತೋಟದಲ್ಲಿ ನಾವು ದಿನಾ ಮಾಡುವುದು ಅದನ್ನೇ. ಪನ್ನಿಯೂರು 1 ಮೆಣಸಿನ ಬಳ್ಳಿ ತುಂಡು ಮಾಡಿ ಇನ್ನೊಂದು ಅಡಿಕೆ ಮರಕ್ಕೆ ಹಬ್ಬಿಸುತ್ತೇವಲ್ಲ, ಅದು ಕ್ಲೋನೇ. ಕಸಿ ಮಾವೂ ಕ್ಲೋನೇ. ತಿಂದು ಯಾರಿಗೂ ಏನೂ ಆಗಿಲ್ಲ. ಹಾಲೂ ಅಷ್ಟೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವರ್ಷಗಟ್ಟಲೆ ನೋಡಿ, 2008ರ ಜನವರಿಯಲ್ಲಿ, ಕ್ಲೋನ್ ಮಾಡಿದ ದನ, ಹಂದಿ, ಆಡುಗಳ ಹಾಲು ಮಾಂಸ ಬೇರೆಯವುಗಳ ಹಾಗೇ ಸುರಕ್ಷಿತ ಅಂತ ಹೇಳಿತು. ಕುರಿಯ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲ ಅಂತ ಅದನ್ನು ಬಿಟ್ಟಿತು. ಲೇಬಲ್ ಬೇಕಿಲ್ಲ ಅಂತಲೂ ಹೇಳಿತು.

ಆದರೆ ಬಳ್ಳಿಗೂ ದನಕ್ಕೂ ಒಂದು ವ್ಯತ್ಯಾಸ ಇದೆ. ಬಳ್ಳಿಗೆ ಮಣ್ಣು ಸಾಕು. ಕರುವಿಗೆ ಇನ್ನೊಂದು ದನದ ಹೊಟ್ಟೆ ಬೇಕು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿ ಹುಟ್ಟಿತಲ್ಲ, ಅದಕ್ಕೆ 277 ಅಂಡಾಣುಗಳು ಬೇಕಾದವು, ಅದರಲ್ಲಿ 29 ಭ್ರೂಣ, ಕೊನೆಗೆ ಬದುಕಿದ್ದು ಒಂದು ಮರಿ. ಆಮೇಲೆ ಕೈ ಪಳಗಿದೆ, ಆದರೂ ಬಸಿರು ಮಧ್ಯದಲ್ಲೇ ಹೋಗುವುದು, ಹುಟ್ಟಿದ ಕೂಡಲೇ ಸಾಯುವುದು ನಿಂತಿಲ್ಲ. ಇನ್ನೊಂದು ತೊಂದರೆ ಕರು ಹೊಟ್ಟೆಯಲ್ಲೇ ಅಳತೆ ಮೀರಿ ಬೆಳೆಯುವುದು.

ಅದನ್ನು ಓದಿದಾಗ ನನಗೆ ನೆನಪಾದದ್ದು ಕ್ಲೋನ್ ಅಲ್ಲ, ನಮ್ಮ ಕೆಂಪಿ. ನಾನು ಏಳನೇ ಕ್ಲಾಸಿನಲ್ಲಿದ್ದೆ. ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುತ್ತಿದ್ದ ಊರ ದನ, ಅಜ್ಜಿ ಅಕ್ಕಚ್ಚಿನ ಬಾಲ್ದಿ ಸದ್ದು ಮಾಡಿದರೆ ಗುಡ್ಡೆಯಿಂದ ಓಡಿ ಬರುತ್ತಿತ್ತು. ಸುತ್ತ ಎಲ್ಲೂ ಊರ ಹೋರಿ ಇರಲಿಲ್ಲ. ಇಂಜೆಕ್ಷನ್ ಕೊಡುವವರನ್ನು ಕರೆಸಿದರು, ಅವರ ಕೈಯಲ್ಲಿದ್ದದ್ದು ದೊಡ್ಡ ಮೈಯ ಜೆರ್ಸಿ ಹೋರಿಯ ವೀರ್ಯ, ಅದನ್ನೇ ಕೊಟ್ಟು ಹೋದರು. ಯಾರೂ ಏನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕರು ಹಾಕುವ ರಾತ್ರಿ ಮಳೆ. ಕಾಲು ಹೊರಗೆ ಬಂದು ಅಲ್ಲೇ ನಿಂತಿತು. ಅಪ್ಪ, ಮಾವ, ಆಚೆಮನೆಯವರು ಹಗ್ಗ ಕಟ್ಟಿ ಎಳೆದರು. ಕರು ಬಂತು, ಜೀವ ಇರಲಿಲ್ಲ. ಕೆಂಪಿ ಎರಡು ದಿನ ಎದ್ದು ನಿಲ್ಲಲಿಲ್ಲ, ಮೂರನೇ ದಿನ ಅದೂ ಹೋಯಿತು. ಅಜ್ಜಿ ಆಮೇಲೆ ದನ ಸಾಕಲಿಲ್ಲ.

ಊರ ಹೋರಿ ಯಾಕಿರಲಿಲ್ಲ ಅಂತ ದೊಡ್ಡವನಾದ ಮೇಲೆ ತಿಳಿಯಿತು. 1956ರಲ್ಲಿ ಕಾಸರಗೋಡಿನ ನಮ್ಮನ್ನು ಕೇರಳಕ್ಕೆ ಸೇರಿಸಿದರು. 1961ರಲ್ಲಿ ಜಾನುವಾರು ಸುಧಾರಣೆ ಅಂತ ಕಾನೂನು ಬಂತು, ಹೋರಿ ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಬೇಕಾಯಿತು, ಲೈಸೆನ್ಸ್ ಇಲ್ಲದ ಹೋರಿಗಳ ಬೀಜ ಒಡೆಸುವುದು. ನಾವಾದರೂ ಭಾಷೆಗಾಗಿ ಹೋರಾಟ ಅಂತ ಮಾಡಿದೆವು, ಪಾಪ ಹೋರಿಗಳಿಗೆ ಅದೂ ಇಲ್ಲ. ಹಾಲು ಹೆಚ್ಚಬೇಕು ಅಂತಲೇ ಮಾಡಿದ್ದು, ಹೆಚ್ಚಿತು ಕೂಡ, ಸುಮ್ನೆ ಬೈಯುವುದಿಲ್ಲ. ಆದರೆ ಕೆಲವೇ ಹೋರಿಗಳ ವೀರ್ಯ ಸಾವಿರಾರು ಹಟ್ಟಿಗೆ ಹೋದರೆ ಕ್ಲೋನ್ ಮಾಡದೆಯೂ ದನಗಳೆಲ್ಲ ಒಂದೇ ಅಚ್ಚಿಗೆ ಹತ್ತಿರ ಬರುತ್ತವೆ. ಒಂದೇ ಜಾತಿ ಬಳ್ಳಿ ಹಬ್ಬಿಸಿದ ತೋಟಕ್ಕೆ ಸೊರಗು ರೋಗ ಬಂದರೆ ಏನಾಗುತ್ತದೆ ಅಂತ ಮೆಣಸು ಬೆಳೆದವರಿಗೆ ಹೇಳಬೇಕಾಗಿಲ್ಲ. ಈಗ ಸರಕಾರವೇ ನಮ್ಮ ಬೇಳದಲ್ಲಿ ಗಿಡ್ಡ ದನ ಉಳಿಸಲಿಕ್ಕೆ ಫಾರ್ಮ್ ನಡೆಸುತ್ತಿದೆ. ಆಗಬೇಕಾದ್ದೇ.

ಇರಲಿ, ಅಂಗಡಿಗೆ ಬರೋಣ. ಕಪಾಟಿನಲ್ಲಿ ಅರ್ಧ ಲೀಟರಿನ 60 ಬಾಟಲಿ ಇತ್ತು, ಎಣಿಸಿದೆ. ಯಜಮಾನರು ಬಿಲ್ಲು ಬರೆಯುವಷ್ಟರಲ್ಲಿ ಲೆಕ್ಕ ಹಾಕಿದೆ. 30 ಲೀಟರ್ ತುಪ್ಪ ಅಂದರೆ ಸುಮಾರು 27 ಕಿಲೋ. ಕಿಲೋಗೆ 25 ಲೀಟರ್ ಹಾಲು ಹಿಡಿದರೂ 675 ಲೀಟರ್ ಬೇಕು. ಹಿಂದಿನ ಹಟ್ಟಿಯಲ್ಲಿ ಹಾಲು ಕೊಡುವ ದನ ಒಂಬತ್ತು, ಅವರೇ ತೋರಿಸಿದ್ದು. ಹಟ್ಟಿ ಚೊಕ್ಕ ಇದೆ, ಬೈಹುಲ್ಲು ಒಣ ಇದೆ, ಕರುಗಳು ಎಲುಬು ಕಾಣದ ಹಾಗಿವೆ, ಅದಕ್ಕೆ ಪೂರ್ತಿ ಮಾರ್ಕು. ಕರುವಿಗೆ ಬಿಟ್ಟು ಒಂದೊಂದು ದನಕ್ಕೆ ಒಂದೂವರೆ ಲೀಟರ್ ಅಂದರೂ ದಿನಕ್ಕೆ ಹದಿಮೂರೂವರೆ. ಅದರಲ್ಲಿ ಬೆಳಗ್ಗೆ ಎಂಟು ಲೀಟರ್ ಹಾಲಾಗಿಯೇ ಮಾರುತ್ತಾರೆ. ಉಳಿದ ಐದೂವರೆಯಲ್ಲಿ ಈ ಕಪಾಟು ತುಂಬಲಿಕ್ಕೆ ನಾಲ್ಕು ತಿಂಗಳು ಬೇಕು. ಬಾಟಲಿಗಳ ಮೇಲೆಲ್ಲ ಒಂದೇ ವಾರದ ತಾರೀಖು!

ಕೇಳಿದೆ. ಅವರು ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ. "ಆಚೀಚೆ ಮನೆಗಳಿಂದ ಬೆಣ್ಣೆ ಬರುತ್ತದೆ" ಅಂದರು. ಅಲ್ಲಿಯೂ ಊರ ದನವೇ? "ಎಲ್ಲ ಇದೇ ಊರಿನವು!" ಊರ ದನ ಬೇರೆ, ಊರಿನಲ್ಲಿರುವ ದನ ಬೇರೆ, ಅಲ್ವಾ? ಬೋರ್ಡಿನಲ್ಲಿ ಮೊದಲನೆಯದು, ಬಾಟಲಿಯಲ್ಲಿ ಎರಡನೆಯದೂ ಸೇರಿದೆ.

ಎ2 ಕತೆಯೂ ಹೆಚ್ಚು ಕಮ್ಮಿ ಇಷ್ಟೇ. ಎ1, ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ಎರಡು ಬಗೆ, ತುಪ್ಪ ಅಂದರೆ ಬಹುಪಾಲು ಕೊಬ್ಬು. 2024ರ ಆಗಸ್ಟ್ 21ಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಎ1, ಎ2 ಅಂತ ಪ್ಯಾಕೆಟಿನಲ್ಲಿ ಹಾಕಬೇಡಿ ಅಂದಿತು, 26ಕ್ಕೆ ಆ ಆದೇಶ ವಾಪಸ್ ತೆಗೆಯಿತು. ಐದು ದಿನ. ಅಷ್ಟರಲ್ಲಿ ಇವರ ಬೋರ್ಡಿನ ಬಣ್ಣವೂ ಒಣಗುತ್ತಿರಲಿಲ್ಲ.

ಹೊರದೇಶದಲ್ಲಿ ಕಟ್ಟುನಿಟ್ಟು ಅಂದುಕೊಂಡರೆ ಅಲ್ಲೂ ಸಂದು ಇದೆ. ಯುರೋಪಿನಲ್ಲಿ ಕ್ಲೋನ್ ಪ್ರಾಣಿಯ ಮಾಂಸ ಹಾಲು ಮಾರಲಿಕ್ಕೆ ಮೊದಲೇ ಅನುಮತಿ ಬೇಕು, ಅದರ ಮಕ್ಕಳದ್ದಕ್ಕೆ ಆ ನಿಯಮ ಹತ್ತುವುದಿಲ್ಲ. ಮಕ್ಕಳನ್ನೂ ಸೇರಿಸಿ ನಿಷೇಧ ಮಾಡಿ ಅಂತ 2015ರಲ್ಲಿ ಅಲ್ಲಿನ ಪಾರ್ಲಿಮೆಂಟು ಮತ ಹಾಕಿತು, ಕಾನೂನಾಗಲಿಲ್ಲ. ನಿಜ ಹೇಳಬೇಕೆಂದರೆ ವಿಷಯ ಇರುವುದೇ ಮಕ್ಕಳಲ್ಲಿ. ಅಷ್ಟು ಖರ್ಚು ಮಾಡಿದ ಕ್ಲೋನನ್ನು ಯಾರೂ ಕಡಿದು ಮಾರುವುದಿಲ್ಲ, ತಳಿಗೆ ಇಟ್ಟುಕೊಳ್ಳುತ್ತಾರೆ. 2010ರಲ್ಲಿ ಬ್ರಿಟನ್ನಿನಲ್ಲಿ ಗೊತ್ತಾಯಿತು, ಅಮೆರಿಕದ ಒಂದು ಕ್ಲೋನ್ ದನದ ಸಂತಾನದ ಹೋರಿಯ ಮಾಂಸ ಹಿಂದಿನ ವರ್ಷವೇ ಜನರ ತಟ್ಟೆಗೆ ಹೋಗಿ ಮುಗಿದಿತ್ತು ಅಂತ. ಲ್ಯಾಬಿಗೆ ಕೊಟ್ಟು ಮಾಂಸವನ್ನೋ ಹಾಲನ್ನೋ ನೋಡಿ ಹೇಳುವ ಹಾಗಿಲ್ಲ. ಹುಟ್ಟಿನ ದಾಖಲೆ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಯಜಮಾನರಿಗೆ ಹೇಳಿದೆ. ಭಾವ, ಆ ಕೊನೆಯ ಸಾಲು ಅಳಿಸಿ. ಬದಲಿಗೆ ಒಂದು ನೂರು ಪೇಜಿನ ಪುಸ್ತಕ ಇಡಿ. ಒಂಬತ್ತು ದನದ ಹೆಸರು, ಯಾವ ಹೋರಿಯದ್ದು, ಯಾವ ಮನೆಯ ಬೆಣ್ಣೆ ಎಷ್ಟು ಕಿಲೋ ಬಂತು, ಗಂಡು ಕರು ಹುಟ್ಟಿದರೆ ಆಮೇಲೆ ಎಲ್ಲಿಗೆ ಹೋಯಿತು. ಕೊನೆಯದಕ್ಕೆ ಅವರು ಉತ್ತರ ಕೊಡಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟರು. ಶುಂಠಿ, ಕರಿಬೇವು ಹಾಕಿದ್ದರು, ಬಹಳ ಚೆನ್ನಾಗಿತ್ತು.

ಐದರಲ್ಲಿ ಮೂರೂವರೆ. ಹಾಲಿಗೆ ಬೇಕಾದರೆ ನಾಲ್ಕೂವರೆ ಕೊಡುತ್ತೇನೆ, ಅದು ಕಣ್ಣೆದುರೇ ಕರೆದದ್ದು. ಬೆಳಗ್ಗೆ ಏಳರ ಒಳಗೆ ಹೋಗಿ, ಆಮೇಲೆ ಸಿಗುವುದಿಲ್ಲ. ತುಪ್ಪ ತೆಗೆದುಕೊಳ್ಳುವವರು ಹಟ್ಟಿಯ ಬೆಣ್ಣೆಯದ್ದೇ ಬೇಕು ಅಂತ ಮೊದಲೇ ಹೇಳಿ ಎರಡು ವಾರ ಕಾಯಿರಿ, ಕೇಳಿದರೆ ಬೇರೆ ಇಟ್ಟು ಕೊಡುತ್ತಾರೆ, ರೇಟು ಅದೇ. ಖಾಲಿ ಬಾಟಲಿ ತಂದರೆ 20 ರೂಪಾಯಿ ವಾಪಸ್. ಮುಚ್ಚಳ ಇಲ್ಲದಿದ್ದರೆ 15.